ಕತ್ತಿಯ ಕೆಳಗಿನ ಸಲಹೆ

ನಮ್ಮಪ್ಪ ನಲವತ್ತು ವರ್ಷ ಕ್ಷೌರ ಮಾಡಿದ. ಅಂಗಡಿ ಎಂದರೆ ಗೋಡೆಯುದ್ದದ ಒಂದು ಕನ್ನಡಿ, ಎರಡು ಕುರ್ಚಿ, ಕಾಯುವವರಿಗೆ ಒಂದು ಬೆಂಚು, ಮೇಲೆ ಯೇಸುವಿನ ಪಟ. ಪಟದಲ್ಲಿ ಯೇಸುವಿಗೆ ಹೆಗಲವರೆಗೆ ಕೂದಲು, ಎದೆಯವರೆಗೆ ಗಡ್ಡ. ಕ್ಷೌರದ ಅಂಗಡಿಗೆ ಇದೆಂಥ ಜಾಹೀರಾತು ಎಂದು ಅಮ್ಮ ಬದುಕಿದ್ದಷ್ಟು ದಿನ ಕೇಳುತ್ತಲೇ ಇದ್ದಳು. "ಆತನೊಬ್ಬನಿಗೆ ಮಾತ್ರ ರಿಯಾಯಿತಿ" ಎನ್ನುತ್ತಿದ್ದ ಅಪ್ಪ.

ಎರಡನೆಯ ಕುರ್ಚಿ ನನ್ನದು. ಹೆಂಗಸರು, ಮಕ್ಕಳು, ಕೂದಲು ಕತ್ತರಿಸಿಕೊಂಡರೆ ಸಾಕು ಎನ್ನುವವರು ನನ್ನ ಪಾಲು. ಗಡ್ಡ ಬೋಳಿಸುವುದನ್ನೂ ಅಪ್ಪನೇ ಕಲಿಸಿದ್ದ, ಊದಿದ ಬಲೂನಿಗೆ ನೊರೆ ಬಳಿದು. ನನ್ನ ಕೈಯಲ್ಲಿ ಬಲೂನು ಒಡೆಯುವುದು ನಿಂತು ಆರು ವರ್ಷವಾಗಿತ್ತು. ಆದರೂ ಗಂಡಸರ ಗಡ್ಡಕ್ಕೆ ಅಪ್ಪನದೇ ಕತ್ತಿ. ನಾನು ಆ ಕುರ್ಚಿಯ ಹತ್ತಿರ ಹೋಗುತ್ತಿದ್ದದ್ದು ಗುಡಿಸುವುದಕ್ಕೆ ಮಾತ್ರ.

ಅಪ್ಪನ ಬಲಗೈ ನಡುಗುವುದು ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಬ್ರಷ್ಷಿನಲ್ಲಿ. ಕೆನ್ನೆಗೆ ಹೋಗಬೇಕಾದ ನೊರೆ ಗಿರಾಕಿಯ ಕಿವಿಯೊಳಗೆ ಹೋಯಿತು. ಮರುವಾರ ಇನ್ನೊಬ್ಬರ ಮೂಗಿನೊಳಗೆ. ಆಮೇಲೆ ಕತ್ತಿಯ ಸರದಿ. ಗಾಯಕ್ಕೆ ಉಜ್ಜುವ ಪಟಿಕದ ಗಟ್ಟಿ ನಮ್ಮಲ್ಲಿ ವರ್ಷಗಟ್ಟಲೆ ಬರುತ್ತಿತ್ತು, ಈಗ ತಿಂಗಳಿಗೊಂದು ಸವೆಯತೊಡಗಿತು. ಗಿರಾಕಿಗಳು ಒಬ್ಬೊಬ್ಬರಾಗಿ ಗಡ್ಡ ಬಿಡತೊಡಗಿದರು. "ಈಗ ಅದೇ ಫ್ಯಾಷನ್ನು" ಎಂದ ಅಪ್ಪ.

ಆ ದಿನಗಳಲ್ಲೇ ಪಾಸ್ಟರ್ ಒಂದು ಭಾನುವಾರ ಸಲಹೆ ಕೇಳುವುದರ ಬಗ್ಗೆ ಬೋಧಿಸಿದರು. ದೊಡ್ಡ ತೀರ್ಮಾನ ಒಬ್ಬರೇ ಮಾಡಬಾರದು, ದೇವರ ಭಯವಿರುವ ನಾಲ್ಕು ಜನರನ್ನು ಕೇಳಬೇಕು ಅಂತ. ಅಪ್ಪನ ದೊಡ್ಡ ಗುಣವೂ ದೊಡ್ಡ ಕಾಟವೂ ಇದೇ: ಭಾನುವಾರ ಕೇಳಿದ್ದನ್ನು ಸೋಮವಾರವೇ ಮಾಡಿಬಿಡುತ್ತಾನೆ. ಹಿಂದೊಮ್ಮೆ ನಾಲಿಗೆ ಹಿಡಿತದಲ್ಲಿಡುವ ಬೋಧನೆ ಆದಾಗ ಎರಡು ದಿನ ತುಟಿ ಪಿಟಕ್ಕೆನ್ನದೆ ಕ್ಷೌರ ಮಾಡಿದ್ದ. ಯಾರೋ ತೀರಿಕೊಂಡಿದ್ದಾರೆ ಎಂದುಕೊಂಡು ಗಿರಾಕಿಗಳು ನನಗೆ ಸಮಾಧಾನ ಹೇಳಿ ಹೋಗಿದ್ದರು.

ಹಾಗಾಗಿ ಸೋಮವಾರದಿಂದಲೇ ಕೇಳಲು ಶುರು ಮಾಡಿದ. ಕೇಳಿದ್ದೂ ದೇವಭಕ್ತರನ್ನೇ, ಆರಿಸಿ ಆರಿಸಿ. ಆದರೆ ಕೇಳಿದ್ದು ಎಲ್ಲಿ? ತನ್ನ ಕುರ್ಚಿಯಲ್ಲಿ. ನೊರೆ ಬಳಿದು, ಗದ್ದ ಮೇಲೆತ್ತಿ, ಗಂಟಲಿನ ಮೇಲೆ ಕತ್ತಿಯಿಟ್ಟು, "ಯಾಕೋ ಕೈ ಸ್ವಲ್ಪ ನಡುಗುತ್ತೆ. ಕತ್ತಿ ಕೆಳಗಿಡಲಾ, ಮುಂದುವರಿಸಲಾ? ನಿಜ ಹೇಳಿ" ಎನ್ನುತ್ತಿದ್ದ.

ಚರ್ಚಿನ ಸಭೆಯ ಹಿರಿಯರೊಬ್ಬರು, ಬೇರೆ ಕಡೆ ಎಲ್ಲದಕ್ಕೂ ತಕರಾರು ತೆಗೆಯುವವರು, ಕಣ್ಣು ಮುಚ್ಚಿಕೊಂಡೇ "ಮುಂದುವರಿಸಿ, ಮುಂದುವರಿಸಿ" ಎಂದರು. ಗಾಯನ ತಂಡದ ಮುಖ್ಯಸ್ಥರು ಮಾತಾಡಲು ಧೈರ್ಯ ಸಾಲದೆ ಬೆರಳೆತ್ತಿ ಒಪ್ಪಿಗೆ ಸೂಚಿಸಿದರು. ಕೊನೆಗೆ ಪಾಸ್ಟರೇ ಬಂದು ಕೂತರು. "ಕರ್ತನು ನಿಮ್ಮ ಕೈ ಹಿಡೀತಾನೆ" ಎಂದರು. ಆ ಕ್ಷಣಕ್ಕೆ ಕರ್ತನು ಬೇರೆಲ್ಲೋ ಕೆಲಸದಲ್ಲಿದ್ದಿರಬೇಕು, ಅವರ ದವಡೆಯ ಕೆಳಗೆ ರಕ್ತ ಚಿಮ್ಮಿತು. ಅವರ ಆಮೆನ್ ಎಂದಿಗಿಂತ ಜೋರಾಗಿತ್ತು.

"ಹನ್ನೊಂದು ಜನ, ಒಂದೇ ಮಾತು" ಎಂದ ಅಪ್ಪ ಅವತ್ತು ಊಟಕ್ಕೆ ಕೂತಾಗ. "ದೇವರ ಚಿತ್ತ ಅಲ್ದೆ ಇನ್ನೇನು?" ನನಗೆ ನಗು ತಡೆಯಲಾಗಲಿಲ್ಲ. ಎದ್ದು ನೀರು ತರುವ ನೆಪದಲ್ಲಿ ಅಡುಗೆಮನೆಗೆ ಹೋದೆ.

ಹನ್ನೆರಡನೆಯವರು ಶಾಲೆಯ ಮೇಷ್ಟ್ರು. ಅವತ್ತು ನನ್ನ ಕುರ್ಚಿಯಲ್ಲಿ ಸೂಜಿಯಮ್ಮ ಇದ್ದಳು. ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತಳಾದವಳು, ಸಭೆಯ ಅರ್ಧ ಜನಕ್ಕೆ ಇಂಜೆಕ್ಷನ್ ಚುಚ್ಚಿದವಳು, ಯಾರ ಮುಲಾಜಿಗೂ ಬೀಳದವಳು. ಅಪ್ಪ ಎಂದಿನಂತೆ ಮೇಷ್ಟ್ರ ಗದ್ದ ಎತ್ತಿ ಪ್ರಶ್ನೆ ಕೇಳಿದ. ಮೇಷ್ಟ್ರು ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದು ಕೋಲೆಬಸವನಂತೆ ತಲೆಯಾಡಿಸಲು ಹೋದವರು, ಕತ್ತಿಯ ನೆನಪಾಗಿ ಅರ್ಧಕ್ಕೇ ನಿಲ್ಲಿಸಿದರು.

ಸೂಜಿಯಮ್ಮ ಗಹಗಹಿಸಿ ನಕ್ಕಳು. "ಅಲ್ಲ ಕಣೋ, ಗಂಟಲ ಮೇಲೆ ಕತ್ತಿ ಇಟ್ಕೊಂಡು ಕೇಳಿದ್ರೆ ಬೇಡ ಅನ್ನೋಕೆ ಅವರಿಗೇನು ತಲೆ ಕೆಟ್ಟಿದ್ಯಾ?"

ಅಪ್ಪನ ಮುಖ ಕೆಂಪಾಯಿತು. "ನಾನು ಸುಮ್ನೆ ಕೇಳ್ತಿಲ್ಲಮ್ಮ. ಮೂರು ತಿಂಗಳಿಂದ ಪ್ರಾರ್ಥನೆ ಮಾಡ್ತಿದೀನಿ. ಹನ್ನೊಂದು ಜನ ವಿಶ್ವಾಸಿಗಳು ಹೇಳಿದ್ದಾರೆ."

"ನಿನಗೆ ಬೇಕಾದ್ದನ್ನ ಹೇಳೋ ಹಾಗೆ ಕೂರಿಸಿ ಕೇಳಿದ್ಯಲ್ಲ, ಅದನ್ನ ದೇವರ ತಲೆಗೆ ಕಟ್ಬೇಡ. ನಾಳೆ ಡಾಕ್ಟರ ಹತ್ರ ಹೋಗು. ಇವತ್ತೇ ಕತ್ತಿ ಕೆಳಗಿಡು. ಈ ಕುತ್ತಿಗೆಗಳನ್ನ ಮಾಡಿರೋನು ದೇವರು. ನಿನ್ನ ಮರ್ಯಾದೆಗಿಂತ ಅವು ದೊಡ್ಡವು."

ಹಾಗೆಂದವಳು ಅರ್ಧ ಕೂದಲು ಕತ್ತರಿಸಿದ ತಲೆಯಲ್ಲೇ ಕಣ್ಣು ಮುಚ್ಚಿದಳು. "ಕರ್ತನೇ, ಇವನಿಗೆ ಬುದ್ಧಿ ಕೊಡು. ಮೇಷ್ಟ್ರನ್ನ ಕ್ಷೇಮವಾಗಿ ಮನೆ ಸೇರಿಸು." ಮೊದಲು ಆಮೆನ್ ಎಂದವರು ಮೇಷ್ಟ್ರು. ಆ ಅವಕಾಶ ಬಿಡದೆ ಟವೆಲಿನಿಂದ ನೊರೆ ಒರೆಸಿಕೊಂಡು, "ಸಾಕು, ಹೀಗೇ ಚೆನ್ನಾಗಿದೆ" ಎನ್ನುತ್ತ ಒಂದು ಕೆನ್ನೆ ನುಣ್ಣಗೆ ಒಂದು ಕೆನ್ನೆ ಹಾಗೇ ಇರುವಂತೆ ಹೊರಟೇಹೋದರು.

ಸೂಜಿಯಮ್ಮನ ಕೂದಲು ಮುಗಿಸಿ ಕಳಿಸಿದ್ದೇ ತಡ, ಅಪ್ಪ ಅಂಗಡಿಗೆ ಬೀಗ ಹಾಕಿದ. ಪಾಸ್ಟರ ಬಾಯಿಂದಲೇ ಅವಳಿಗೆ ಉತ್ತರ ಕೊಡಿಸುತ್ತೇನೆಂದು ನನ್ನನ್ನೂ ಸಾಕ್ಷಿಗೆ ಎಳೆದುಕೊಂಡು ಹೊರಟ. ಪಾಸ್ಟರ ಮನೆ ಎರಡು ಬೀದಿಯಾಚೆ. ಬಾಗಿಲು ತೆರೆದದ್ದು ಅವರೇ, ಬನಿಯನ್ನಿನಲ್ಲಿ. ಮುಖದ ತುಂಬ ನೊರೆ, ಕೈಯಲ್ಲಿ ರೇಜರು. ಇಪ್ಪತ್ತು ವರ್ಷ ಅಪ್ಪನ ಬಳಿಯೇ ಬೋಳಿಸಿಕೊಂಡವರು.

"ಕರ್ತನು ನನ್ನ ಕೈ ಹಿಡೀತಾನೆ ಅಂದಿದ್ರಿ" ಎಂದ ಅಪ್ಪ, ಬಹಳ ಮೆಲ್ಲಗೆ.

ಪಾಸ್ಟರ್ ಒಳಗೆ ಹೋಗಿ ಮುಖ ತೊಳೆಯಬಹುದಿತ್ತು. ತೊಳೆಯಲಿಲ್ಲ. "ಹೆದರಿ ಹೇಳಿದೆ. ಆಮೇಲಾದ್ರೂ ಮನೆಗೆ ಬಂದು ನಿಜ ಹೇಳ್ಬೇಕಿತ್ತು, ನಿಮಗೆ ನೋವಾಗುತ್ತೆ ಅಂತ ಬರ್ಲಿಲ್ಲ. ನಾನು ಕೊಟ್ಟಿದ್ದು ಸಲಹೆ ಅಲ್ಲ, ಸುಳ್ಳು. ನನ್ನನ್ನ ಕ್ಷಮಿಸಬೇಕು." ಅವರ ಬಗ್ಗೆ ಹೇಳಲು ನನ್ನ ಬಳಿ ಯಾವಾಗಲೂ ಒಂದು ಕುಹಕ ಇರುತ್ತಿತ್ತು. ಅವತ್ತು ಒಂದೂ ಸಿಗಲಿಲ್ಲ, ಆ ಮನುಷ್ಯನ ಮೇಲೆ ಗೌರವ ಬಂತು.

ವಾಪಸು ಅಂಗಡಿಗೆ ಬಂದೆವು. ಅಪ್ಪ ಬೀಗ ತೆಗೆಯದೆ ಮೆಟ್ಟಿಲ ಮೇಲೆ ಕೂತ. ನಾನೂ ಕೂತೆ.

"ಅವರಿಗೆಲ್ಲ ಹೆದರಿಕೆ ಇತ್ತು, ಸರಿ" ಎಂದ. "ನೀನು ದಿನಾ ಪಕ್ಕದಲ್ಲೇ ನಿಂತಿದ್ದೆ. ನಿನ್ನ ಗಂಟಲ ಮೇಲೆ ನಾನು ಏನೂ ಇಟ್ಟಿರಲಿಲ್ಲ. ನೀನ್ಯಾಕೆ ಹೇಳ್ಲಿಲ್ಲ?"

ನೀನು ಕೇಳಲೇ ಇಲ್ಲವಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅದು ನಿಜವೂ ಆಗಿತ್ತು, ಆದರೆ ಉತ್ತರ ಆಗಿರಲಿಲ್ಲ. ಮೂರು ತಿಂಗಳು ಎಲ್ಲರ ಹೇಡಿತನ ನೋಡಿ ಒಳಗೊಳಗೇ ನಕ್ಕಿದ್ದೆ. ಯಾರದೋ ಗಂಟಲು ನಿಜವಾಗಿಯೂ ಕೊಯ್ದುಹೋಗಿದ್ದರೆ? ನನಗೆ ನಾಚಿಕೆಯಾಯಿತು.

"ನಿನ್ನ ಕುರ್ಚಿ ಮೇಲೆ ಕಣ್ಣು ಹಾಕಿದೀನಿ ಅಂದ್ಕೋತೀಯ ಅಂತ" ಎಂದೆ.

"ಹಾಕಿದ್ಯಾ?"

"ಹಾಕಿದೀನಪ್ಪ."

ಅಪ್ಪ ಎಡಗೈಯಿಂದ ಬಲಗೈಯನ್ನು ಒತ್ತಿ ಹಿಡಿದುಕೊಂಡ. "ಹೋಗ್ಲಿ. ಈಗ ಕೇಳ್ತಿದೀನಿ. ಏನು ಮಾಡ್ಲಿ?"

"ನಿಲ್ಲಿಸಪ್ಪ." ಅಷ್ಟು ಹೇಳುವಷ್ಟರಲ್ಲಿ ನನಗೆ ಅಳು ಬಂತು.

ಅವನು ಎದ್ದು ಜೇಬಿನಿಂದ ಬೀಗದ ಕೈ ತೆಗೆದು ಬೀಗಕ್ಕೆ ಹಾಕಲು ಹೋದ. ಅದು ಸುತ್ತಮುತ್ತ ತಾಕಿ ತಾಕಿ ಜಾರುತ್ತಿತ್ತು. ಬೆಳಿಗ್ಗೆ ಬಾಗಿಲು ತೆರೆಯುವಾಗೆಲ್ಲ ನನ್ನನ್ನು ಹಾಲು ತರಲು ಏಕೆ ಓಡಿಸುತ್ತಿದ್ದನೆಂದು ಆಗ ಗೊತ್ತಾಯಿತು. ನಾಲ್ಕು ಸಲ ಪ್ರಯತ್ನಿಸಿದ. ಆಮೇಲೆ ನನ್ನತ್ತ ತಿರುಗಿ ಬೀಗದ ಕೈ ಚಾಚಿದ.

"ನೀನೇ ತೆಗಿ" ಎಂದ.