ಜಿತೇಶ ಹೇಳಿದ ಮದ್ದು

ಗಿಡದ ಹೆಸರು ಕೇಳುವ ಅಭ್ಯಾಸ ಜಿತೇಶನಿಗೆ ಇರಲಿಲ್ಲ. ಫೋಟೋ ಬಂದರೆ ಅವನು ಕೇಳುತ್ತಿದ್ದದ್ದು ಇಷ್ಟೇ: ಕೆಟ್ಟಿರುವುದು ಕೆಳಗಿನ ಹಳೆ ಎಲೆಯೋ, ಮೇಲಿನ ಹೊಸ ಎಲೆಯೋ? ಹಾಕುವುದು ಯಾವ ನೀರು? ಅಷ್ಟು ತಿಳಿದರೆ ಗಲ್ಫಿನ ಉನೈಜಾದ ತನ್ನ ಕೋಣೆಯ ಮಂಚದ ಮೇಲೆ ಕಾಲು ಚಾಚಿಕೊಂಡೇ ಮದ್ದು ಹೇಳಿಬಿಡುತ್ತಿದ್ದ. ದಮ್ಮಾಮಿನ ಬಾಲ್ಕನಿಯಲ್ಲಿ ಮಲ್ಲಿಗೆ ಬೆಳೆಸುವ ಹೆಂಗಸರು, ಜುಬೈಲಿನ ಕ್ಯಾಂಪಿನಲ್ಲಿ ಪೇಂಟಿನ ಡಬ್ಬಕ್ಕೆ ಬಸಳೆ ನೆಟ್ಟ ಫಿಟ್ಟರುಗಳು, ಕರಿಬೇವಿನ ಕುಂಡವನ್ನು ಎಸಿಯ ಬಾಯಿಗೇ ಇಟ್ಟು ಅದರ ಗತಿ ಕಾಣಿಸಿದ ಮಹಾನುಭಾವರು, ಎಲ್ಲರೂ ಊರ ಕಡೆಯವರ ವಾಟ್ಸಾಪ್ ಗುಂಪಿನಲ್ಲಿ ಅವನ ರೋಗಿಗಳೇ. ಯಾರಾದರೂ ಎಲೆಯ ಫೋಟೋ ಹಾಕಿದರೆ ಸಾಕು, ಉಳಿದವರು 'ಜಿತೇಶಣ್ಣ ಬರಲಿ' ಎಂದು ಕಾಯುತ್ತಿದ್ದರು.

ಅವನ ಹೊಟ್ಟೆಪಾಡೂ ಅದೇ. ಉನೈಜಾದ ಹೊರಗೆ ಸಾಲಾಗಿ ನಿಂತ ಹಸಿರುಮನೆಗಳಲ್ಲಿ ಸೌತೆ, ದೊಣ್ಣೆಮೆಣಸು ಬೆಳೆಯುತ್ತಾರೆ. ಮಣ್ಣಿನ ಸುದ್ದಿಯೇ ಇಲ್ಲ, ತೆಂಗಿನ ನಾರಿನ ಹುಡಿ ತುಂಬಿದ ಚೀಲಗಳಲ್ಲಿ ಸಸಿ ನಿಲ್ಲಿಸುತ್ತಾರೆ. ಆ ಹುಡಿಗೆ ಸ್ವಂತದ ಸತ್ವ ಏನೂ ಇಲ್ಲ. ಸಾಲದ್ದಕ್ಕೆ, ಚೆನ್ನಾಗಿ ತೊಳೆದು ಹದ ಮಾಡದಿದ್ದರೆ ಗಿಡಕ್ಕೆಂದು ಕೊಟ್ಟ ಸುಣ್ಣದಂಶವನ್ನೂ ತಾನೇ ಹಿಡಿದಿಟ್ಟುಕೊಂಡು ಸಸಿಯನ್ನು ಉಪವಾಸ ಕೆಡವುತ್ತದೆ. ತನ್ನೂರು ಹೆಜಮಾಡಿಯಲ್ಲಿ ತೆಂಗಿನ ಸಿಪ್ಪೆಯನ್ನು ಬಚ್ಚಲ ಒಲೆಗೆ ತಳ್ಳುತ್ತಿದ್ದ ಹುಡುಗ ಇಲ್ಲಿ ಅದೇ ಸಿಪ್ಪೆಯ ಹುಡಿಯನ್ನು ಕಂಟೇನರಿನಿಂದ ಇಳಿಸಿ ಮೂರು ನೀರಿನಲ್ಲಿ ತೊಳೆಸುತ್ತಾನೆ. ಇದನ್ನು ಊರಿನವರಿಗೆ ಹೇಳಿದರೆ ಯಾರೂ ನಂಬಲಿಲ್ಲ.

ಶರ್ಮಿಳಾ ತೀರಿಕೊಂಡದ್ದು ವಿಮಾನಗಳೆಲ್ಲ ನಿಂತಿದ್ದ ವರ್ಷ. ಹೆಂಡತಿಯ ಚಿತೆಗೆ ಬೆಂಕಿ ಇಟ್ಟವನು ಅವಳ ಅಣ್ಣ. ಜಿತೇಶ ಅದನ್ನು ಫೋನಿನಲ್ಲಿ ನೋಡಿದ, ನೋಡಿ ಮುಗಿಸಿ ಹಸಿರುಮನೆಗೆ ಹೋಗಿ ಆ ದಿನದ ಎಲೆಗಳನ್ನು ನೋಡಿದ. ಅಳು ಈಗ ಬರುತ್ತದೆ, ಇನ್ನೊಂದು ಗಳಿಗೆಗೆ ಬರುತ್ತದೆ ಎಂದು ಕಾದ. ಬರಲಿಲ್ಲ. ಆಮೇಲೆ ಕಾಯುವುದನ್ನೂ ಬಿಟ್ಟ. ಅನ್ನಕ್ಕೆ ಉಪ್ಪು ಹೆಚ್ಚಾದರೂ ಕಡಿಮೆಯಾದರೂ ಅವನಿಗೆ ಒಂದೇ ಆಯಿತು. ರಜೆಯ ವರ್ಷ ಬಂದಾಗ ಟಿಕೇಟು ತೆಗೆಯಲಿಲ್ಲ. ಎಲೆಯ ಫೋಟೋ ಬಂದಾಗ ಮಾತ್ರ ಬೆರಳು ಚುರುಕಾಗುತ್ತಿತ್ತು, ಅಷ್ಟರಮಟ್ಟಿಗೆ ಮನುಷ್ಯ ಬದುಕಿದ್ದ.

ಆ ದಿನಗಳಲ್ಲಿ ಅವನಿಗೆ ಗಂಜಿ ಬೇಯಿಸಿ, ಎದುರು ಕೂತು ಉಣ್ಣಿಸಿದವನು ಮಿಸ್ಬಾಹ್. ಉಚ್ಚಿಲದವನು, ಹೆಂಡತಿ ಶಮೀನಾಳನ್ನು ಊರಲ್ಲಿ ಬಿಟ್ಟು ಬಂದವನು, ಆಗ ಇದೇ ತೋಟದ ಪಿಕಪ್ ಓಡಿಸುತ್ತಿದ್ದ, ಇದೇ ಕೋಣೆಯ ಎದುರು ಮಂಚದವನು. ಜಿತೇಶನ ಪಾಲಿನ ಅಳುವನ್ನೂ ಅವನೇ ಅತ್ತು ಮುಗಿಸಿದ್ದ. ಬಾಯಿ ಮಾತ್ರ ಬೊಂಬಾಯಿ, ಹೊಟ್ಟೆಯಲ್ಲಿ ಒಂದು ಮಾತು ನಿಲ್ಲುವುದಿಲ್ಲ, ಯಾರು ಏನು ಹೇಳಿದರೂ ನಂಬುತ್ತಾನೆ. ಮುಂದೆ ರಾಬಿಗ್‌ನಲ್ಲಿ ಒಂದು ಮನೆಗೆ ಡ್ರೈವರ್ ಆಗಿ ಹೋದ, ಆ ಮನೆಯ ಯಜಮಾನನೇ ಈಗ ಅವನ ವೀಸಾದ ಧಣಿ, ಕಫೀಲ. ಅಲ್ಲಿಂದಲೂ ಶುಕ್ರವಾರ ತಪ್ಪದೆ ಫೋನ್ ಮಾಡುತ್ತಿದ್ದ, ಜಿತೇಶ ಹೂಂ ಹೂಂ ಎನ್ನುತ್ತ ಕೇಳುತ್ತಿದ್ದ.

ಅಂಥದೇ ಒಂದು ಶುಕ್ರವಾರ ಊಟ ಮುಗಿದು ತಟ್ಟೆ ಇನ್ನೂ ಕೈಯಲ್ಲಿದ್ದಾಗ ಮಿಸ್ಬಾಹನ ವಾಯ್ಸ್ ಮೆಸೇಜು ಬಂತು.

"ಜಿತೇಶಣ್ಣ, ಒಂದು ತಲೆಬಿಸಿ ಆಗಿದೆ ಮಾರಾಯ್ರೆ. ಸಣ್ಣ ಸಣ್ಣ ಗಿಡ, ಕೋಣೆ ಒಳಗೇ ಉಂಟು, ಮೇಲಿಂದ ಲೈಟು. ನಿಮ್ಮಲ್ಲಿ ಉಂಟಲ್ಲ, ಅದೇ ನಾರಿನ ಹುಡಿ. ನಾನು ಕ್ಯಾನಿಂದು ಕುಡಿಯುವ ನೀರೇ ಹಾಕುದು. ಆದ್ರೂ ಎಲೆ ಹಳದಿ ಆಗ್ತಾ ಉಂಟು, ತುಕ್ಕು ಹಿಡಿದ ಹಾಗೆ ಚುಕ್ಕಿ. ಎಂತ ಮಾಡುದು ಹೇಳಿ."

ಜೊತೆಗೆ ಒಂದು ಫೋಟೋ. ಎರಡು ಬೆರಳ ನಡುವೆ ಹಿಡಿದ ಎಲೆಯ ತುಂಡು, ಎಲೆಗಿಂತ ಮಿಸ್ಬಾಹನ ಹೆಬ್ಬೆರಳೇ ದೊಡ್ಡದಾಗಿ ಕಾಣುತ್ತಿತ್ತು. ನರಗಳು ಹಸಿರು, ನಡುವೆ ಹಳದಿ, ಅಲ್ಲಲ್ಲಿ ಕಂದು ಚುಕ್ಕಿ. ಇದಕ್ಕೆ ಯೋಚನೆ ಬೇಕಾಗಿರಲಿಲ್ಲ. ಕ್ಯಾನಿನ ನೀರಿನಲ್ಲಿ ಸುಣ್ಣದಂಶವೂ ಇಲ್ಲ, ಮೆಗ್ನೀಶಿಯಮ್ಮೂ ಇಲ್ಲ, ಹುಡಿಯನ್ನು ಹದ ಮಾಡಿರುವುದೂ ಇಲ್ಲ. ಎರಡನ್ನೂ ಗೊಬ್ಬರದ ನೀರಿಗೆ ಸೇರಿಸು ಎಂದು ಬರೆದ. ಕಳಿಸುವ ಮೊದಲು, ಚುಕ್ಕಿ ಹಳೆ ಎಲೆಗೋ ಹೊಸತಕ್ಕೋ ತಿಳಿಯಲೆಂದು, ಇಡೀ ಗಿಡದ ಫೋಟೋ ಕಳಿಸು ಎಂದ.

ಫೋಟೋ ಬಂತು. ಬೆರಳು ಅಗಲಿಸಿದ ಅಂಗೈಯಂಥ ಎಲೆ, ಅಂಚಿಗೆ ಗರಗಸದ ಹಲ್ಲು. ಊರಿನ ಬಸ್‌ಸ್ಟ್ಯಾಂಡಿನಲ್ಲಿ ಪೊಲೀಸರು ಅಂಟಿಸಿದ ಪೋಸ್ಟರಿನಲ್ಲಿ, ಅದರ ಎದುರೇ ಬೈಕು ನಿಲ್ಲಿಸುವ ಹುಡುಗರ ಬನಿಯನ್ನಿನ ಮೇಲೆ, ಎಷ್ಟು ಸಲ ನೋಡಿರಲಿಲ್ಲ! ಗಾಂಜಾ. ಬಟ್ಟಲು ಬಟ್ಟಲಾಗಿ ಒಂದು ಕೋಣೆಯ ತುಂಬ ಗಾಂಜಾದ ಸಸಿಗಳು, ನಡುವೆ ನೀರಿನ ಕ್ಯಾನು ಹಿಡಿದು ನಿಂತ ಮಿಸ್ಬಾಹನ ನೆರಳು.

ಬರೆದಿಟ್ಟಿದ್ದ ಉತ್ತರವನ್ನು ಅಳಿಸಿದ. ಎದೆ ಹೊಡೆದುಕೊಳ್ಳಬೇಕಿತ್ತು, ಹೊಡೆದುಕೊಳ್ಳಲಿಲ್ಲ. ಫೋನ್ ಮಾಡಿ, ಮಾಮೂಲಿನ ಸ್ವರದಲ್ಲಿ, ಗಿಡ ಯಾರದು ಎಂದು ಕೇಳಿದ. ಜೀವಮಾನದಲ್ಲಿ ಮೊದಲ ಸಲ ಒಂದು ಗಿಡದ ಕುಲಗೋತ್ರ ಕೇಳಿದ್ದ.

"ಕಫೀಲನ ತಮ್ಮಂದು. ಊರ ಹೊರಗೆ ಅವರದ್ದೊಂದು ತೋಟದ ಮನೆ ಉಂಟು, ಅಲ್ಲಿ," ಎಂದ ಮಿಸ್ಬಾಹ್. "ಚರ್ಮದ ಕಾಯಿಲೆಗೆ ಮದ್ದಿನ ಗಿಡವಂತೆ ಜಿತೇಶಣ್ಣ, ಹೊರದೇಶದಿಂದ ಬೀಜ ತರಿಸಿದ್ದಂತೆ. ಯಾರಿಗೂ ಹೇಳ್ಬಾರ್ದಂತೆ, ಕಣ್ಣು ತಾಗ್ತದೆ ಅಂತ. ನಿಮಗೆ ಅಂತ ಹೇಳಿದ್ದು."

"ಕಫೀಲನಿಗೆ ಗೊತ್ತುಂಟಾ?"

"ಅವರಿಗೂ ಇಲ್ಲ. ಬೀಗದ ಕೈ ನನ್ನ ಹತ್ರವೇ. ಅಷ್ಟು ನಂಬಿಕೆ ನನ್ನ ಮೇಲೆ!" ಮಿಸ್ಬಾಹನ ಸ್ವರ ಉಬ್ಬಿತು. "ಇದನ್ನು ಬದುಕಿಸಿ ಕೊಟ್ರೆ ಅಣ್ಣನಿಗೆ ಹೇಳಿ ಶಮೀನಾಗೆ ವಿಸಿಟ್ ವೀಸಾ ಮಾಡಿಸ್ತೇನೆ ಅಂದಿದ್ದಾರೆ. ಅವಳು ಈಗಲೇ ಬ್ಯಾಗು ತೆಗೆದಿಟ್ಟಿದ್ದಾಳೆ. ಎಂತ ಮದ್ದು ಹೇಳಿ, ಗಿಡ ನೋಡಿದ್ರೆ ಪಾಪ ಅನ್ನಿಸ್ತದೆ."

ನೋಡಿ ಹೇಳುತ್ತೇನೆ ಎಂದು ಜಿತೇಶ ಫೋನ್ ಇಟ್ಟ. ತಟ್ಟೆ ತೊಳೆದ. ತೊಳೆದದ್ದನ್ನು ಮತ್ತೊಮ್ಮೆ ತೊಳೆದ.

ಈ ದೇಶದಲ್ಲಿ ಅದರ ಚಿಟಿಕೆ ಜೇಬಿನಲ್ಲಿದ್ದರೂ ಕತೆ ಮುಗಿಯಿತು, ಬೆಳೆಸಿದವನ ತಲೆ ಉಳಿಯುವುದೇ ಅನುಮಾನ ಎಂದು ಕ್ಯಾಂಪು ಕ್ಯಾಂಪುಗಳಲ್ಲಿ ಮಾತು. ಬಾಗಿಲು ಒಡೆದು ಪೊಲೀಸರು ಬಂದ ದಿನ ಧಣಿಯ ತಮ್ಮ ಎಲ್ಲಿರುತ್ತಾನೋ ಯಾರಿಗೆ ಗೊತ್ತು, ಬೀಗದ ಕೈ ಮಾತ್ರ ಉಚ್ಚಿಲದವನ ಜೇಬಿನಲ್ಲಿರುತ್ತದೆ. ಸತ್ಯ ಹೇಳಿಬಿಡೋಣವೆಂದರೆ ಫೋನಿನಲ್ಲಿ ಆ ಹೆಸರು ಎತ್ತುವ ಹಾಗಿಲ್ಲ. ಎತ್ತಿದರೂ ಮಿಸ್ಬಾಹ್ ಸುಮ್ಮನಿರುವ ಪೈಕಿಯಲ್ಲ, ನೇರ ಆ ತಮ್ಮನ ಎದುರೇ ನಿಂತು 'ಹೌದಾ' ಎಂದು ಕೇಳುತ್ತಾನೆ. ಗೊತ್ತಾದ ಮೇಲೆ ಅಲ್ಲಿಯೇ ಇದ್ದರೆ ಪಾಲುದಾರ, ಓಡಿಹೋದರೆ ಕೆಲಸ ಬಿಟ್ಟು ಪರಾರಿಯಾದವನೆಂದು ಹಿಡಿಯುತ್ತಾರೆ. ಬೇಸಾಯದ ಲೆಕ್ಕ ಹಾಕಿದಂತೆ ಜಿತೇಶ ಒಂದೊಂದನ್ನೇ ತೂಗಿ ಬದಿಗಿಟ್ಟ. ಕೊನೆಗೆ ಒಂದೇ ಉಳಿಯಿತು. ಗಿಡಗಳು ಸಾಯಬೇಕು, ಸತ್ತದ್ದು ಮಿಸ್ಬಾಹನ ದಡ್ಡತನದಿಂದ ಎಂದೇ ಕಾಣಬೇಕು. ಆ ತಮ್ಮ ಸಿಟ್ಟಿಗೆದ್ದು ಅವನನ್ನು ಆ ಕೋಣೆಯಿಂದ ಹೊರಹಾಕಬೇಕು. ಏಟು ತಿಂದಾನು, ಕೆಲಸ ಹೋದೀತು. ಪೊಲೀಸರಿಗೆ ದೂರು ಕೊಡಲಂತೂ ಆ ತಮ್ಮನಿಗೆ ಬಾಯಿಲ್ಲ.

ಜಿತೇಶನೇನೂ ಸುಳ್ಳೇ ಹೇಳದ ಸತ್ಯವಂತನಲ್ಲ. ಎಸಿ ಕೆಟ್ಟ ಕೋಣೆಯಲ್ಲಿ ಬೆವರು ಒರೆಸುತ್ತ 'ಇಲ್ಲಿ ಎಲ್ಲ ಆರಾಮ' ಎಂದು ಊರಿಗೆ ಹೇಳದ ಗಲ್ಫಿನವ ಯಾರಿದ್ದಾನೆ? ಆದರೆ ಎಲೆಯ ವಿಷಯದಲ್ಲಿ ಸುಳ್ಳಾಡಿರಲಿಲ್ಲ. ಅದೊಂದು ಜಾಗವನ್ನು ಅವನು ಚೊಕ್ಕಟವಾಗಿ ಇಟ್ಟುಕೊಂಡಿದ್ದ. ವಾಯ್ಸ್ ಮೆಸೇಜಿನ ಗುಂಡಿ ಒತ್ತಿದರೆ ಬಾಯಿಂದ ಮೊದಲು ಹೊರಟದ್ದು ಸರಿಯಾದ ಮದ್ದೇ. ಅಳಿಸಿ ಮತ್ತೆ ಒತ್ತಿದ.

"ಮಿಸ್ಬಾ, ಗಿಡಕ್ಕೆ ಹಸಿವು ಮಾರಾಯ, ಬೇರೆ ಎಂತದೂ ಇಲ್ಲ. ಅಂಗಳದ ಹುಲ್ಲಿಗೆ ಹಾಕುವ ಯೂರಿಯಾ ಉಂಟಲ್ಲ ಅಲ್ಲಿ? ಅದನ್ನೇ ಒಂದೊಂದು ಗಿಡದ ಬುಡಕ್ಕೆ ಒಂದೊಂದು ಚಮಚ ಹಾಕು. ತುಂಬಿಸಿಯೇ ಹಾಕು. ಮೇಲಿಂದ ನೀರು ಕೊಡು. ಒಂದನ್ನೂ ಬಿಡಬೇಡ."

ಎಳೆ ಸಸಿಗೆ ಅದು ವಿಷ. ತೋಟಕ್ಕೆ ಬಂದ ಹೊಸ ಕೂಲಿಯಾಳಿಗೂ ಅಷ್ಟು ಗೊತ್ತು. ಆದರೆ ಮಿಸ್ಬಾಹ್ ಪಿಕಪ್ ಓಡಿಸಿದವನು, ಸೌತೆಕಾಯಿಯನ್ನು ಬುರೈದಾದ ಮಾರ್ಕೆಟ್ಟಿಗೆ ಮುಟ್ಟಿಸಿದ್ದು ಬಿಟ್ಟರೆ ಬೇರೇನೂ ಅರಿಯದವನು. 'ನೀವಿದ್ದೀರಿ ಅಂತ ಬದುಕಿದೆ' ಎಂದು ಕೈ ಮುಗಿಯುವ ಚಿತ್ರ ಕಳಿಸಿದ. ಅದನ್ನು ನೋಡಿದಾಗ ತನಗೆ ಏನಾದರೂ ಅನ್ನಿಸಬೇಕಿತ್ತು ಎಂದು ಜಿತೇಶನಿಗೆ ತಿಳಿಯಿತು. ಏನೂ ಅನ್ನಿಸಲಿಲ್ಲ. ಫೋಟೋಗಳನ್ನು ಅಳಿಸಿ ಮಲಗಿದ.

ಕೆಲವೇ ದಿನಗಳಲ್ಲಿ ಫೋನು ಬಂತು. ಮಿಸ್ಬಾಹನ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ, ತುಟಿ ಊದಿತ್ತಂತೆ.

"ಎಲ್ಲ ಸುಟ್ಟುಹೋಯ್ತು ಜಿತೇಶಣ್ಣ, ಒಂದೂ ಇಲ್ಲ. ಅವ ಬಂದವನೇ ಹೊಡೆದ. ಫೋಟೋ ಯಾಕೆ ತೆಗೆದೆ ಅಂತ ಅದಕ್ಕೊಂದು ಹೊಡೆದ, ಫೋನ್ ಕಿತ್ತು ಎಲ್ಲ ಅಳಿಸಿದ. ಇಂಥವ ಬೇಡ ಅಂತ ಅಣ್ಣನಿಗೆ ಹೇಳಿದ್ದಾನೆ. ಕಫೀಲ್ ಎಕ್ಸಿಟ್ ಹೊಡಿಸಿ ಊರಿಗೆ ಕಳಿಸ್ತೇನೆ ಅಂತಿದ್ದಾರೆ. ನೀವು ಎಂತ ಹೇಳಿದ್ದು ನನಗೆ? ಎಂತ ಮದ್ದು ಅದು?"

"ತಪ್ಪಿತು ಮಾರಾಯ," ಎಂದ ಜಿತೇಶ.

"ನಿಮಗೆ ತಪ್ಪುದಾ? ನಿಮಗೆ?"

ಮಿಸ್ಬಾಹ್ ಗುಂಪಿನಲ್ಲೂ ಬರೆದ: ಜಿತೇಶಣ್ಣನ ಮಾತು ಕೇಳಿ ನನ್ನ ಕೆಲಸ ಹೋಯಿತು, ನೀವಾದರೂ ಜಾಗ್ರತೆಯಿಂದಿರಿ. ಮೊದಲು ಯಾರೂ ನಂಬಲಿಲ್ಲ. ಜಿತೇಶ ಇಲ್ಲವೆನ್ನದೆ ಕೂತಾಗ ನಂಬಿದರು. ನಂಬಿದ ಮೇಲೆ ನಮ್ಮ ಜನ ಕೇಳಬೇಕೇ, ಹಿಂದೆ ತನ್ನ ಬಸಳೆ ಸತ್ತದ್ದೂ ಇವನಿಂದಲೇ ಇರಬೇಕೆಂದು ಒಬ್ಬನಿಗೆ ನೆನಪಾಯಿತು. ದಮ್ಮಾಮಿನ ಮಲ್ಲಿಗೆಯವರು ಮಂಗಳೂರಿನ ಯಾರದೋ ಯೂಟ್ಯೂಬ್ ಚಾನೆಲ್ಲಿನ ಲಿಂಕು ಹಂಚಿಕೊಂಡರು. ಫೋಟೋಗಳು ಬರುವುದು ನಿಂತಿತು. ಕೆಲಸ ಮುಗಿಸಿ ಬಂದು ಫೋನ್ ತೆಗೆದು ನೋಡಿ ಮಗುಚಿಡುತ್ತಿದ್ದ, ಮತ್ತೆ ತೆಗೆದು ನೋಡುತ್ತಿದ್ದ. ಅದು ದುಃಖವೆಂದು ಗುರುತಿಸಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಅದಕ್ಕಿಂತ ದೊಡ್ಡದು ಹೆದರಿಕೆ. ಎಕ್ಸಿಟ್ ಎಂದ ಮಾತ್ರಕ್ಕೆ ಆಯಿತೇ? ಕಾಗದ ಆಗಬೇಕು, ಟಿಕೇಟು ಆಗಬೇಕು, ಅಷ್ಟರಲ್ಲಿ ಯಾರೋ ಆ ಕೋಣೆಯ ವಾಸನೆ ಹಿಡಿದರೆ, ಯಾರದೋ ಬಾಯಿಂದ ಡ್ರೈವರನ ಹೆಸರು ಬಂದರೆ? ಜಿತೇಶ ಸೌತೆ ಸಾಲಿನ ನಡುವೆ ನಿಂತಲ್ಲೇ ನಿಲ್ಲುತ್ತಿದ್ದ. ಎಲೆ ತಿರುಗಿಸಿ ಹಿಡಿದಿರುತ್ತಿದ್ದ, ಏನು ನೋಡಲು ತಿರುಗಿಸಿದ್ದೆಂಬುದು ಮರೆತುಹೋಗಿರುತ್ತಿತ್ತು. ಮಿಸ್ಬಾಹ್ ಅವನ ಕರೆ ಎತ್ತುತ್ತಿರಲಿಲ್ಲ.

ಒಂದು ಬೆಳಿಗ್ಗೆ, ಪೈಪುಗಳಿಗೆ ನೀರು ಬಿಡುವ ಹೊತ್ತಿಗೆ, ಮಿಸ್ಬಾಹನೇ ಕರೆ ಮಾಡಿದ. ಹಿಂದಿನಿಂದ ಜೆದ್ದಾ ವಿಮಾನ ನಿಲ್ದಾಣದ ಗದ್ದಲ ಕೇಳಿಸುತ್ತಿತ್ತು.

"ಹೋಗ್ತಾ ಇದ್ದೇನೆ. ನಿಮಗೊಂದು ಹೇಳಿಯೇ ಹೋಗುವ ಅಂತ ಮಾಡಿದ್ದು," ಎಂದ. "ಶಮೀನಾ ಬ್ಯಾಗು ಬಿಚ್ಚಿ ಬಟ್ಟೆ ವಾಪಸ್ಸು ಕಪಾಟಿಗೆ ಇಟ್ಟಳಂತೆ. ನಾನು ಊರಲ್ಲಿ ಎಂತ ಹೇಳುದು? ಯಾರಿಗೆ ಮುಖ ತೋರಿಸುದು?"

"ಎಮಿಗ್ರೇಶನ್ ಆಯ್ತಾ?"

"ಎಂತ?"

"ಪಾಸ್‌ಪೋರ್ಟಿನ ಕೌಂಟರು ದಾಟಿದಿಯಾ ಮಿಸ್ಬಾ? ಬಿಟ್ರಾ ನಿನ್ನನ್ನು?"

"ದಾಟಿದೆ. ಗೇಟಿನ ಹತ್ರ ಕೂತಿದ್ದೇನೆ. ನಾನು ಎಂತ ಹೇಳ್ತಾ ಇದ್ದೇನೆ, ನೀವು ಎಂತ ಕೇಳ್ತಾ ಇದ್ದೀರಿ?" ಮಿಸ್ಬಾಹ್ ಅಳತೊಡಗಿದ್ದ. "ನಿಮಗೆ ನಾನು ಗಂಜಿ ಬೇಯಿಸಿ ಹಾಕಿದವ. ಒಡಹುಟ್ಟಿದವನ ಹಾಗೆ ನೋಡಿದವ. ನನ್ನ ಬದುಕಿಗೇ ಯೂರಿಯಾ ಹಾಕಿದ್ರಲ್ಲ ನೀವು!"

ಜಿತೇಶ ಒದ್ದೆ ನೆಲದಲ್ಲೇ, ಚೀಲಗಳ ನಡುವೆ ಕುಸಿದು ಕೂತ. ಸಂತೋಷಕ್ಕೋ ಸಂಕಟಕ್ಕೋ ತಿಳಿಯದೆ ಕೆನ್ನೆಯೆಲ್ಲ ನೀರಾಗಿತ್ತು, ಅಳುತ್ತಿದ್ದೇನೆಂದು ಅವನಿಗೇ ಆಶ್ಚರ್ಯವಾಯಿತು. ಬಾಯಿಗೆ ಬಂದಿದ್ದ ನಿಜವನ್ನು ತಡೆದ. ವಿಮಾನ ಇನ್ನೂ ನೆಲದ ಮೇಲೇ ಇತ್ತು.

"ಕೇಳಿಸ್ತಾ ಉಂಟಾ ನಿಮಗೆ? ಇನ್ನು ಜನ್ಮದಲ್ಲಿ ನನಗೆ ಫೋನ್ ಮಾಡ್ಬೇಡಿ!"

"ಆಯ್ತು, ಮಾಡುದಿಲ್ಲ," ಎಂದ ಜಿತೇಶ. "ಈಗ ಇಡಬೇಡ ಮಾರಾಯ. ಬೈಯಿ, ಎಷ್ಟು ಬೇಕಾದ್ರೂ ಬೈಯಿ. ಒಳಗೆ ಹೋಗಿ ಸೀಟಲ್ಲಿ ಕೂತು, ಬಾಗಿಲು ಹಾಕುವವರೆಗೆ ಬೈತಾ ಇರು."