ಜೋಡಿ ಸಿಗದ ಎತ್ತು

ಬಿಯರ್ ಡಬ್ಬಿಯ ಮೇಲಿನ ಬಣ್ಣ ಸುಡುವ ವಾಸನೆ ಗಂಟಲಿಗೆ ಅಂಟಿಕೊಳ್ಳುವಂಥದು. ಮೊನ್ನೆ ಗೋವಾದ ವಾಸ್ಕೋದಲ್ಲಿ ಯಾರೋ ಕಸಕ್ಕೆ ಬೆಂಕಿ ಹಚ್ಚಿದ್ದರು. ಆ ಹೊಗೆ ತಾಗಿದ್ದೇ ತಡ, ರಸ್ತೆಬದಿಯಲ್ಲಿ ನಿಂತುಬಿಟ್ಟೆ. ಚಿಕ್ಕಂದಿನಿಂದ ನನ್ನನ್ನು ತಿನ್ನುತ್ತಿರುವ ಪ್ರಶ್ನೆ ಒಂದೇ: ನಾನು ಹೆಕ್ಕಿ ತಂದ ಡಬ್ಬಿಯೊಳಗೆ ನೀರು ಉಳಿದಿತ್ತೇ? ಕರಗಿದ ಲೋಹಕ್ಕೆ ನೀರು ತಾಗಿದರೆ ಸಿಡಿಯುತ್ತದೆ; ಅಪ್ಪನ ಬಲಗಣ್ಣು ಹೋದದ್ದು ಹಾಗೆ.

ವಿಮಾನ ಇಳಿಯುವಾಗಲೆಲ್ಲ ಮಾಡಿನ ತಗಡು ನಡುಗುತ್ತಿದ್ದ ದಾಬೋಲಿಮ್‌ನ ಒಂದು ಕೋಣೆ ನಮ್ಮ ಮನೆ. ಅಪ್ಪ ಗೌಂಡಿ, ಅವ್ವ ಬೀಚಿನಲ್ಲಿ ಮಣಿಸರ ಮಾರುತ್ತಿದ್ದಳು. ಊರಲ್ಲಿದ್ದಾಗ ಮಣ್ಣೆತ್ತಿನ ಅಮಾವಾಸ್ಯೆಗೆ ಇಡೀ ಓಣಿಗೆ ಎತ್ತು ಮಾಡಿಕೊಡುತ್ತಿದ್ದ ಅಪ್ಪನ ಕೈಗೆ ಇಲ್ಲಿನ ಕೆಂಪು ಮಣ್ಣು ಒಗ್ಗಲೇ ಇಲ್ಲ. ಪೂಜೆಗೆ ಮುಂಚೆಯೇ ಕೋಡು ಉದುರುತ್ತಿದ್ದವು. ಒಡೆಯದ ಎತ್ತು ಮಾಡುತ್ತೇನೆಂದು ಹಟ ಹಿಡಿದು, ಹಳೆಯ ಬಕೆಟ್ಟಿಗೆ ಮಣ್ಣು ಮೆತ್ತಿ ಒಲೆ ಮಾಡಿ, ಭಾನುವಾರಗಳಲ್ಲಿ ಅಲ್ಯೂಮಿನಿಯಂ ಕರಗಿಸತೊಡಗಿದ. ಗ್ಯಾರೇಜಿನವನು ಕೊಟ್ಟ ಹಳೆಯ ಸ್ಕೂಟರ್ ಪಿಸ್ಟನ್‌ನಿಂದ ಒಂದು ಎತ್ತು ಬಂತು, ಬೆಣ್ಣೆಯಷ್ಟು ನುಣುಪು. ಆದರೆ ಒಂಟಿ ಎತ್ತಿಗೆ ಪೂಜೆಯಿಲ್ಲ. ಇನ್ನೊಂದಕ್ಕೆ ಲೋಹವೇ ಸಿಗಲಿಲ್ಲ. ಗ್ಯಾರೇಜಿನವನು, ವಿಮಾನ ಕಟ್ಟಾಕತ್ತಿ ಏನಪಾ ಎಂದು ನಕ್ಕು ಕಳಿಸಿದ. ಕಟ್ಟಡದ ಕಿಟಕಿ ಚೌಕಟ್ಟಿನ ತುಂಡುಗಳನ್ನು ಮೇಸ್ತ್ರಿ ಬೀಗ ಹಾಕಿ ಇಡುತ್ತಿದ್ದ. ಅಪ್ಪನ ಕಣ್ಣು ಅನ್ನದ ಪಾತ್ರೆಯ ಮೇಲೆ ಬಿದ್ದದ್ದು ಕಂಡು ಅವ್ವ ಅದನ್ನು ಹಾಸಿಗೆಯಡಿ ಬಚ್ಚಿಟ್ಟಳು. ಕೊನೆಗೆ ಉಳಿದದ್ದು ಬೀಚಿನ ಡಬ್ಬಿಗಳು. "ಕುಡದು ಒಗದ ಡಬ್ಬಿಲೆ ಮಾಡಿದ ಎತ್ತು ನೆಟ್ಟಗ ನಡೀತಾವೇನ್ರಿ?" ಎಂದಳು ಅವ್ವ. ಅಪ್ಪ ನನ್ನ ಕೈಗೆ ಚೀಲ ಕೊಟ್ಟು ಬೀಚಿಗೆ ಕಳಿಸಿದ. ತೆಳು ಡಬ್ಬಿ ಕರಗುವುದಕ್ಕಿಂತ ಉರಿದು ಕಿಟ್ಟವಾಗುವುದೇ ಹೆಚ್ಚು. ಎಷ್ಟು ಹಾಕಿದರೂ ಲೋಹ ಕರಗಿಸುವ ಮೂಸೆ ತುಂಬುತ್ತಿರಲಿಲ್ಲ.

ಅಮಾವಾಸ್ಯೆಗೆ ಎರಡೇ ದಿನವಿದ್ದ ಭಾನುವಾರ. ಮಳೆಗಾಲ; ಆ ಹೊತ್ತಿಗೆ ಮಳೆ ಬಿಟ್ಟಿತ್ತು. ಅವ್ವ ರೇಷನ್ನಿಗೆ ಹೋಗಿದ್ದಳು. ನಾನು ತಂದ ಚೀಲ ನೋಡಿ ಅಪ್ಪ ಕೇಳಿದ, "ಎಲ್ಲಾ ಒಣಗ್ಯಾವೇನವ್ವಾ?" ಮಗಳಾದ ನನ್ನನ್ನೂ ಅವ್ವಾ ಎಂದೇ ಕರೆಯುತ್ತಿದ್ದ. ನಾನು ಹೂಂ ಅಂದೆ. ಜಜ್ಜಿದ ಡಬ್ಬಿಯೊಂದು ಮೂಸೆಯೊಳಗೆ ಮುಳುಗಿತು, ಮರುಕ್ಷಣ ಕಾದ ಲೋಹ ಸಿಡಿದು ಮೇಲಕ್ಕೆ ಎದ್ದಿತು. ಹೂಂ ಅಂದದ್ದು ನೆನಪಿದೆ. ಡಬ್ಬಿಗಳನ್ನು ಅಲುಗಾಡಿಸಿ ನೋಡಿದ್ದು ನೆನಪಿಲ್ಲ. ನೆನಪಿಲ್ಲದ್ದನ್ನು ಮಾಡಿಯೇ ಇಲ್ಲವೆಂದು ಹೇಗೆ ಹೇಳಲಿ? ಅಪ್ಪನ ಕೂಗು ಕೂಡ ನಾನು ಕೇಳಿದ್ದೋ, ಆಮೇಲೆ ಕಲ್ಪಿಸಿಕೊಂಡದ್ದೋ ತಿಳಿಯದು.

ಆ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಒಲೆ ಅಂಗಳದಲ್ಲೇ ಉಳಿದು ಮಳೆಗೆ ಕರಗಿತು. ಹೋದ ವರ್ಷ ಅಪ್ಪ ಹಾಸಿಗೆ ಹಿಡಿದಾಗ, ಇನ್ನು ತಡೆಯಲಾರದೆ ಕೇಳಿಯೇಬಿಟ್ಟೆ: ಆ ಡಬ್ಬಿ ನಾನು ತಂದದ್ದಲ್ಲವೇ ಅಪ್ಪಾ? ಅವನು ಉಳಿದ ಒಂದು ಕಣ್ಣನ್ನು ನನ್ನತ್ತ ಹೊರಳಿಸಿದ. "ಯಾವ ಡಬ್ಬಿ? ನೀ ಅವತ್ತ ಮನ್ಯಾಗ ಇರಲೇ ಇಲ್ಲವ್ವಾ. ಸಾಲಿಗೆ ಹೋಗಿದ್ದಿ."

ಭಾನುವಾರ ಯಾವ ಶಾಲೆ ಎಂದು ನಾನು ಕೇಳಲಿಲ್ಲ. ಈಗ ಅಪ್ಪನಿಲ್ಲ, ಅವನಿಗೂ ಮುಂಚೆ ಅವ್ವ ಹೋದಳು. ಆ ಮನೆಯಿದ್ದ ಜಾಗದಲ್ಲಿ ಕಾರುಗಳು ನಿಲ್ಲುತ್ತವೆ. ನನ್ನನ್ನು ಉಳಿಸಲೆಂದು ಅಪ್ಪ ಆ ದಿನದೊಳಗಿಂದಲೇ ನನ್ನನ್ನು ತೆಗೆದುಹಾಕಿದ. ಅದು ಅವನ ಕರುಣೆ, ಬಲ್ಲೆ. ಆದರೂ ನನಗದು ಬೇಡ. ತಪ್ಪು ನನ್ನದೇ ಆಗಿರಲಿ. ಆ ಒಲೆಯ ಮುಂದೆ, ಅವನ ಪಕ್ಕದಲ್ಲಿ, ನಾನು ಕೂತಿದ್ದೆ.