ಸಾಬೂನಿನ ಅಕ್ಕ

ಸಾಬೂನು ಕಂಪನಿಯೊಂದರ ಸೋಷಿಯಲ್ ಮೀಡಿಯಾ ಪುಟದಲ್ಲಿ 'ಅಕ್ಕ' ಎಂಬ ಹೆಸರಿನಿಂದ ಕಷ್ಟಸುಖ ಹೇಳಿಕೊಳ್ಳುವ ಗಿರಾಕಿಗಳಿಗೆ ಉತ್ತರ ಬರೆಯುವುದು ಅವಳ ಕೆಲಸ. ಅಕ್ಕ ಸಿಡುಕುವಂತಿಲ್ಲ, ಊಟ ಆಯಿತೇ ಎಂದು ಕೇಳದೆ ಮಾತು ಮುಗಿಸುವಂತಿಲ್ಲ. ಅದು ಬ್ರ್ಯಾಂಡಿನ ಕಟ್ಟಪ್ಪಣೆ. ದಿನವಿಡೀ ಕಂಡಕಂಡವರ ಮೇಲೆ ಅಕ್ಕರೆ ಸುರಿದು ಮನೆಗೆ ಬಂದರೆ ಬಾಯಿ ತೆರೆಯಲೂ ಬೇಸರ. ಏನು ಕೆಲಸವೇ ನಿಂದು ಎಂದು ತಾಯಿ ಕೇಳಿದರೆ, "ಕಂಪ್ಯೂಟರ್ ಮುಂದೆ ಕೂರೋದು" ಎಂದಷ್ಟೇ ಹೇಳಿ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಆ ಪುಟಕ್ಕೆ ತಾಯಿಯ ಫೋಟೊ ಇದ್ದ ಖಾತೆಯಿಂದಲೇ ಮೆಸೇಜು ಬಂತು: "ನನ್ನ ಮಗಳು ಮನೇಲಿ ಮಾತೇ ಆಡಲ್ಲಮ್ಮ." ಮ್ಯಾನೇಜರ್ ಬೆನ್ನ ಹಿಂದೆಯೇ ನಿಂತಿದ್ದ. ಅಕ್ಕನ ಧಾಟಿಯಲ್ಲೇ ನಾಲ್ಕು ಸಮಾಧಾನದ ಮಾತು ಬರೆದು, ಕೊನೆಗೆ ರೂಢಿಯಂತೆ ಹೊಸ ಸಾಬೂನಿನ ಚಿತ್ರವನ್ನೂ ಅಂಟಿಸಿದಳು.

ಸಂಜೆ ತಾಯಿ ಫೋನ್ ಹಿಡಿದು ಬಾಗಿಲಲ್ಲೇ ಕಾದಿದ್ದಳು.

"ನೋಡೇ, ಯಾರೋ ಏನೋ, ಎಷ್ಟು ಚೆನ್ನಾಗಿ ಮಾತಾಡ್ಸಿದಾಳೆ! ಊಟ ಆಯ್ತಾ ಅಂತ ಬೇರೆ ಕೇಳಿದಾಳೆ. ನೀನೂ ಇದೀಯ! ಈಗ ಕನ್ನಡಕ ಸಿಗ್ತಿಲ್ಲ, ನೀನೇ ಟೈಪ್ ಮಾಡು: ನಿನ್ನಂಥ ಮಗಳು ನನಗೆ ಇರಬೇಕಿತ್ತಮ್ಮ."

ಮಗಳು ಫೋನ್ ಇಸಿದುಕೊಂಡಳು. ಅವಳು ಒಂದೊಂದೇ ಅಕ್ಷರ ಒತ್ತಿ ಕಳಿಸಿದಳು. ಬೆಳಿಗ್ಗೆ ಆಫೀಸಿಗೆ ಹೋಗಿ ಅದಕ್ಕೆ ನಗುನಗುತ್ತಾ ಉತ್ತರ ಬರೆಯಬೇಕಾದವಳೂ ಅವಳೇ.